ವೈನ್ ಸ್ಲಷ್ ಮನೆಯಲ್ಲೇ: ಪ್ಯಾಕೆಟ್ ಬಿಡಿ, ಲೆಕ್ಕ ಹಿಡಿಯಿರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಮೆಟ್ರೋದಲ್ಲಿ ಒಂದು ಕೈಯಲ್ಲಿ ಕಂಬಿ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡ್ಕೊಂಡು ಕೇಳ್ತಿರೋರಿಗೂ, ರಾತ್ರಿ ಪಾತ್ರೆ ತೊಳೀತಾ ಸ್ಪೀಕರ್‌ನಲ್ಲಿ ಹಾಕಿರೋರಿಗೂ ನಮಸ್ಕಾರ.

ಇವತ್ತಿನ ವಿಷಯ ತಣ್ಣಗಿದೆ. ವೈನ್ ಸ್ಲಷ್. ಅಂದ್ರೆ ವೈನು, ಹಣ್ಣಿನ ರಸ, ಸಕ್ಕರೆ ಎಲ್ಲ ಸೇರಿಸಿ ಫ್ರೀಜರ್‌ನಲ್ಲಿಟ್ಟು, ಪೂರ್ತಿ ಗಟ್ಟಿಯೂ ಆಗದೆ ಪೂರ್ತಿ ನೀರೂ ಆಗದೆ, ಚಮಚದಲ್ಲಿ ಕೆರೆದು ತಿನ್ನೋ ಹಾಗೆ ಇರುತ್ತಲ್ಲ, ಅದು. ರೀಲ್ಸ್‌ನಲ್ಲಿ ನೋಡೇ ಇರ್ತೀರಿ. ಹೋದ ತಿಂಗಳು ತುಂಬಾ ಜನ ಮೆಸೇಜ್ ಮಾಡಿ ಕೇಳಿದ್ರು: ಆನ್‌ಲೈನ್‌ನಲ್ಲಿ ಇದರ ಮಿಕ್ಸ್ ಪ್ಯಾಕೆಟ್ ಸಿಗುತ್ತೆ, ತಗೋಬಹುದಾ? ಮನೇಲೇ ಮಾಡ್ಕೋಬಹುದಾ?

ಮಾಡ್ಕೋಬಹುದು. ಸುಲಭವಾಗಿ ಮಾಡ್ಕೋಬಹುದು. ಆದ್ರೆ ಇದರೊಳಗೆ ಎರಡು ಲೆಕ್ಕ ಇದೆ. ಒಂದು ಸಕ್ಕರೆ ಲೆಕ್ಕ. ಅದು ತಪ್ಪಿದ್ರೆ ಸ್ಲಷ್ ಆಗಲ್ಲ. ಇನ್ನೊಂದು ಆಲ್ಕೋಹಾಲ್ ಲೆಕ್ಕ. ಅದು ತಪ್ಪಿದ್ರೆ ಮನುಷ್ಯರಿಗೆ ತೊಂದರೆ. ಬಿ.ಕಾಂ ಓದಿದವಳ ಪಾಡ್‌ಕಾಸ್ಟು, ಲೆಕ್ಕ ಇಲ್ಲದೆ ಹೇಗೆ ಮುಗಿಯುತ್ತೆ ಹೇಳಿ!

ಮೊದಲೇ ಒಂದು ಮಾತು. ಈ ಸಂಚಿಕೆ 21 ದಾಟಿದವರಿಗೆ. ಕುಡಿಯದೇ ಇರೋರು ಕುಡಿಯೋಕೆ ಶುರು ಮಾಡಿ ಅಂತ ನಾನು ಹೇಳ್ತಿಲ್ಲ. ಆಲ್ಕೋಹಾಲ್‌ಗೆ ಸುರಕ್ಷಿತ ಪ್ರಮಾಣ ಅಂತ ಒಂದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿಯೇ ಹೇಳಿದೆ. ಕುಡಿಯದವರಿಗೂ ಈ ಸಂಚಿಕೆಯಲ್ಲಿ ಒಂದು ಗ್ಲಾಸ್ ಇದೆ, ಕೊನೇವರೆಗೂ ಕೇಳಿ.

ಇದು ಎಲ್ಲಿಂದ ಬಂತು?

ಕಥೆ ಶುರುವಾಗೋದು ಅಮೆರಿಕದಲ್ಲಿ. 1971, ಟೆಕ್ಸಸ್ ರಾಜ್ಯದ ಡಲ್ಲಾಸ್. ಮರಿಯಾನೋ ಮಾರ್ಟಿನೆಜ್ ಅನ್ನೋರು ಅಲ್ಲೊಂದು ಮೆಕ್ಸಿಕನ್ ರೆಸ್ಟೋರೆಂಟ್ ತೆರೀತಾರೆ. ಜನಕ್ಕೆ ಅಲ್ಲಿ ತುಂಬಾ ಇಷ್ಟ ಆಗಿದ್ದು ಫ್ರೋಜನ್ ಮಾರ್ಗರೀಟಾ. ಅದು ಟಕೀಲಾದಲ್ಲಿ ಮಾಡೋದು. ಪ್ರತಿ ಗ್ಲಾಸಿಗೂ ಐಸ್ ಹಾಕಿ ಬ್ಲೆಂಡರ್‌ನಲ್ಲಿ ತಿರುಗಿಸಬೇಕು. ಒಂದು ಗ್ಲಾಸ್ ಇದ್ದ ಹಾಗೆ ಇನ್ನೊಂದು ಇರ್ತಿರಲಿಲ್ಲ, ಕೌಂಟರ್ ಹಿಂದೆ ಇದ್ದೋರಿಗೆ ಸಾಕುಸಾಕಾಗ್ತಿತ್ತು. ಹೀಗಿರುವಾಗ ಮಾರ್ಟಿನೆಜ್ ಒಂದು ಸೆವೆನ್ ಇಲೆವೆನ್ ಅಂಗಡೀಲಿ ಸ್ಲರ್ಪಿ ಮೆಷಿನ್ ನೋಡ್ತಾರೆ. ಮಕ್ಕಳು ಕುಡಿಯೋ ಐಸ್ ಸೋಡಾ ಮೆಷಿನ್. 'ಇದರಲ್ಲಿ ನನ್ನ ಮಾರ್ಗರೀಟಾ ಯಾಕೆ ತಿರುಗಬಾರದು?' ಅನ್ನೋ ಯೋಚನೆ ಹುಟ್ಟೋದು ಅಲ್ಲಿ. ಕೊನೆಗೆ ಹಳೇ ಸಾಫ್ಟ್ ಸರ್ವ್ ಐಸ್‌ಕ್ರೀಮ್ ಮೆಷಿನ್ ಒಂದನ್ನ ಬದಲಾಯಿಸಿ ಫ್ರೋಜನ್ ಮಾರ್ಗರೀಟಾ ಮೆಷಿನ್ ಮಾಡ್ತಾರೆ. ಅದಕ್ಕೆ ಪೇಟೆಂಟ್ ಸಿಗಲಿಲ್ಲ. ಆದ್ರೆ ಆ ಮೆಷಿನ್ ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ.

ಟಕೀಲಾ ಇದ್ದ ಜಾಗಕ್ಕೆ ವೈನ್ ಹೇಗೆ ಬಂತು? ಇಲ್ಲೊಂದು ಕಾಮರ್ಸ್ ಪಾಯಿಂಟ್ ಇದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಬಿಯರ್ ಮತ್ತು ವೈನ್ ಮಾರೋಕೆ ಒಂದು ಲೈಸೆನ್ಸ್, ಟಕೀಲಾ ವಿಸ್ಕಿ ಥರದ ಹಾರ್ಡ್ ಲಿಕ್ಕರ್ ಮಾರೋಕೆ ಬೇರೆ ಲೈಸೆನ್ಸ್. ಎರಡನೇದು ಸಿಗೋದು ಕಷ್ಟ, ದುಬಾರಿ ಕೂಡ. ಹಾಗಾಗಿ ಸಣ್ಣ ಹೋಟೆಲ್‌ಗಳು ವೈನ್ ಹಾಕಿಯೇ ಫ್ರೋಜನ್ ಡ್ರಿಂಕ್ ಮಾಡೋ ದಾರಿ ಹಿಡಿದ್ವು. ಆಮೇಲೆ 2016ರ ಬೇಸಿಗೆಯಲ್ಲಿ ನ್ಯೂಯಾರ್ಕ್‌ನ ಬಾರ್ ಪ್ರಿಮಿ ಅನ್ನೋ ರೆಸ್ಟೋರೆಂಟ್‌ನ 'ಫ್ರೋಜೆ' ಇನ್‌ಸ್ಟಾಗ್ರಾಮ್‌ನಲ್ಲಿ ಓಡಿತು. ಫ್ರೋಜನ್ ಪ್ಲಸ್ ರೋಜೆ ವೈನ್, ಎರಡೂ ಸೇರಿ ಫ್ರೋಜೆ. ಅಲ್ಲಿನ ಕ್ರಾಫ್ಟ್ ಮೇಳಗಳಲ್ಲಿ, ವೈನರಿಗಳ ಅಂಗಡಿಗಳಲ್ಲಿ 'ಒಂದು ಬಾಟಲಿ ವೈನ್ ಸುರಿಯಿರಿ, ನೀರು ಹಾಕಿ, ಫ್ರೀಜರ್‌ನಲ್ಲಿಡಿ' ಅಂತ ಬರೆದಿರೋ ಪುಡಿ ಪ್ಯಾಕೆಟ್‌ಗಳು ಮಾರಾಟ ಆಗುತ್ತವೆ. ಈಗ ನಮ್ಮ ಫೋನ್‌ನಲ್ಲಿ ಕಾಣಿಸ್ತಿರೋದೂ ಅದೇ ಸರಕು.

ಪ್ಯಾಕೆಟ್ ಒಳಗೆ ಏನಿದೆ?

ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಹೆಚ್ಚಿದೆಯೋ ಅದು ಮೊದಲು ಬರಬೇಕು ಅನ್ನೋದು ಲೇಬಲ್ ನಿಯಮ. ಸಾಮಾನ್ಯವಾಗಿ ಮೊದಲ ಹೆಸರು ಸಕ್ಕರೆ. ಆಮೇಲೆ ಸಿಟ್ರಿಕ್ ಆಸಿಡ್, ಅಂದ್ರೆ ನಮ್ಮ ಅಡುಗೆಮನೆಯ ನಿಂಬೆ ಉಪ್ಪು. ಆಮೇಲೆ ಫ್ಲೇವರ್, ಬಣ್ಣ. ಅಷ್ಟೇ. ಪ್ಯಾಕೆಟ್‌ನಲ್ಲಿ ವೈನ್ ಇರಲ್ಲ, ಅದನ್ನ ನೀವೇ ತರಬೇಕು. ಕೆಜಿಗೆ ಐವತ್ತು ರೂಪಾಯಿ ಆಸುಪಾಸಿನ ಸಕ್ಕರೆಗೆ ಬಣ್ಣ ಬಳಿದು ನೂರಾರು ರೂಪಾಯಿಗೆ ನಮ್ಮ ಕೈಗೆ ಕೊಡ್ತಿದ್ದಾರೆ.

ಹಾಗಾದ್ರೆ ಈ ಸಕ್ಕರೆ ಯಾಕೆ ಇಷ್ಟು ಮುಖ್ಯ? ಇಲ್ಲಿ ಸ್ವಲ್ಪ ಸೈನ್ಸ್.

ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತೆ. ಅದರಲ್ಲಿ ಸಕ್ಕರೆ, ಆಲ್ಕೋಹಾಲ್ ಏನೇ ಕರಗಿದ್ರೂ ಇನ್ನೂ ಹೆಚ್ಚು ತಣ್ಣಗಾಗಬೇಕು. ಶೇ 12ರಷ್ಟು ಆಲ್ಕೋಹಾಲ್ ಇರೋ ವೈನ್ ಹೆಪ್ಪುಗಟ್ಟೋಕೆ ಶುರುವಾಗೋದು ಸುಮಾರು ಮೈನಸ್ 5 ಡಿಗ್ರಿಯಲ್ಲಿ. ಮಜಾ ಏನಂದ್ರೆ, ಮೊದಲು ಗಟ್ಟಿಯಾಗೋದು ಅದರೊಳಗಿನ ನೀರು ಮಾತ್ರ. ನೀರು ಐಸ್ ಆಗ್ತಾ ಹೋದ ಹಾಗೆ ಉಳಿದ ದ್ರವದಲ್ಲಿ ಸಕ್ಕರೆ, ಆಲ್ಕೋಹಾಲ್ ಎರಡೂ ದಟ್ಟ ಆಗ್ತವೆ. ದಟ್ಟ ಆದಷ್ಟೂ ಅದು ಗಟ್ಟಿಯಾಗೋಕೆ ಇನ್ನೂ ಚಳಿ ಬೇಕು. ಅದಕ್ಕೇ ಸಣ್ಣ ಸಣ್ಣ ಐಸ್ ಹರಳು, ಅದರ ಸುತ್ತ ಹೆಪ್ಪುಗಟ್ಟದ ಸಿರಪ್. ಸ್ಲಷ್ ಅಂದ್ರೆ ಇದೇ.

ಸಕ್ಕರೆ ಕಡಿಮೆ ಆದ್ರೆ ದೊಡ್ಡ ದೊಡ್ಡ ಹರಳು ಕಟ್ಟಿ ಕಲ್ಲಾಗುತ್ತೆ. ಸಕ್ಕರೆ ಅಥವಾ ಆಲ್ಕೋಹಾಲ್ ಹೆಚ್ಚಾದ್ರೆ ಎಷ್ಟು ಹೊತ್ತಿಟ್ರೂ ನೀರು ನೀರೇ. ಒಟ್ಟು ತೂಕದಲ್ಲಿ ಸಕ್ಕರೆ ಶೇ 13ರಿಂದ 15ರ ನಡುವೆ ಇದ್ರೆ ಚೆನ್ನಾಗಿ ಬರುತ್ತೆ. ಇನ್ನೊಂದು ವಿಷಯ, ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತೆ. ಹಾಗಾಗಿ ಫ್ರೀಜರ್‌ಗೆ ಇಡೋ ಮೊದಲು ರುಚಿ ನೋಡಿದಾಗ 'ಅಯ್ಯೋ, ಸ್ವಲ್ಪ ಜಾಸ್ತಿ ಸಿಹಿ ಆಯ್ತಲ್ಲ' ಅನ್ನಿಸ್ಬೇಕು. ಆಗ ಸರಿ ಇದೆ ಅಂತ ಅರ್ಥ. ಈ ಮಾತು ನೆನಪಲ್ಲಿಟ್ಕೊಳ್ಳಿ, ಆಲ್ಕೋಹಾಲ್ ಲೆಕ್ಕಕ್ಕೆ ಬಂದಾಗ ಮತ್ತೆ ಬೇಕಾಗುತ್ತೆ.

ಈಗ ಮಿಕ್ಸ್ ಮಾಡೋಣ

ನಮ್ಮ ಪುಣ್ಯಕ್ಕೆ ಇದಕ್ಕೆ ಹೇಳಿ ಮಾಡಿಸಿದ ಹಣ್ಣು ನಮ್ಮ ಪಕ್ಕದಲ್ಲೇ ಬೆಳೆಯುತ್ತೆ. ಬೆಂಗಳೂರು ಬ್ಲೂ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯೋ, ಬೀಜ ಇರೋ, ದಪ್ಪ ಸಿಪ್ಪೆಯ ಕಪ್ಪು ದ್ರಾಕ್ಷಿ. ಇದಕ್ಕೆ ಜಿಐ ಟ್ಯಾಗ್ ಕೂಡ ಇದೆ. ತಿನ್ನುವಾಗ ಬೀಜ ಉಗುಳಬೇಕಲ್ಲ ಅಂತ ಬಹಳ ಜನ ಬೇಡ ಅಂತಾರೆ, ಆದ್ರೆ ರಸ ಮಾಡಿದ್ರೆ ಅದರ ಬಣ್ಣ, ಘಮ ಯಾವ ಪ್ಯಾಕೆಟ್‌ಗೂ ಬರಲ್ಲ.

ಅಳತೆ ಬರ್ಕೊಳ್ಳಿ. ಬೆಂಗಳೂರು ಬ್ಲೂ ದ್ರಾಕ್ಷಿ ಅರ್ಧ ಕೆಜಿ. ಸಕ್ಕರೆ 120 ಗ್ರಾಂ, ಅಂದ್ರೆ ಸುಮಾರು ಹತ್ತು ಟೇಬಲ್ ಚಮಚ. ಎರಡು ನಿಂಬೆಹಣ್ಣು. ಒಂದು ಚಿಟಿಕೆ ಉಪ್ಪು. ನೂರು ಮಿ.ಲೀ. ನೀರು.

ದ್ರಾಕ್ಷಿಯನ್ನ ಚೆನ್ನಾಗಿ ತೊಳೆದು, ತೊಟ್ಟು ಬಿಡಿಸಿ, ಆ ನೂರು ಮಿ.ಲೀ. ನೀರಿನ ಜೊತೆ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಡಿ. ಸಿಪ್ಪೆ ಒಡೆದು ಬಣ್ಣ ಬಿಡುತ್ತೆ. ಸೌಟಿನ ಹಿಂಭಾಗದಲ್ಲಿ ಹಿಸುಕಿ ಸೋಸಿ. ಮಿಕ್ಸಿಗೆ ಹಾಕಬೇಡಿ, ಬೀಜ ಪುಡಿಯಾದ್ರೆ ಕಹಿ ಬರುತ್ತೆ. ಸುಮಾರು 400 ಮಿ.ಲೀ. ರಸ ಸಿಗುತ್ತೆ. ಬಿಸಿ ಇರುವಾಗಲೇ ಸಕ್ಕರೆ, ಉಪ್ಪು ಹಾಕಿ ಕರಗಿಸಿ. ಪೂರ್ತಿ ಆರಿದ ಮೇಲೆ ನಿಂಬೆರಸ ಹಿಂಡಿ. ಮುಗೀತು, ನಿಮ್ಮ ಮಿಕ್ಸ್ ರೆಡಿ. ಅರ್ಧ ಲೀಟರ್‌ಗಿಂತ ಸ್ವಲ್ಪ ಹೆಚ್ಚಾಗುತ್ತೆ. ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಟ್ರೆ ಒಂದು ತಿಂಗಳು ಧಾರಾಳವಾಗಿ ಇರುತ್ತೆ. ಗಮನಿಸಿ, ಇಲ್ಲೀವರೆಗೂ ಒಂದು ಹನಿ ಆಲ್ಕೋಹಾಲ್ ಇಲ್ಲ.

ಮಾವಿನ ಸೀಸನ್‌ನಲ್ಲಿ ಇದೇ ಅಳತೆಗೆ ಮಾವಿನ ತಿರುಳು, ಜೊತೆಗೆ ವೈಟ್ ವೈನ್. ಕಲ್ಲಂಗಡಿ ಆದ್ರೆ ರೋಜೆ ವೈನ್. ಕಲ್ಲಂಗಡಿಯಲ್ಲಿ ಸಿಹಿ ಕಡಿಮೆ, ಸಕ್ಕರೆ ಎರಡು ಮೂರು ಚಮಚ ಹೆಚ್ಚು ಹಾಕಿ.

ಯಾವ ವೈನ್, ಹೇಗೆ ಫ್ರೀಜ್ ಮಾಡೋದು?

ದುಬಾರಿ ಬಾಟಲಿ ಇದಕ್ಕೆ ದಂಡ. ಚಳಿಯಲ್ಲಿ ಪರಿಮಳ ಅರ್ಧ ಮುಚ್ಚಿಹೋಗುತ್ತೆ. ಬಾಯಿ ಒಗರಾಗಿಸೋ ಗಟ್ಟಿ ರೆಡ್ ವೈನ್ ಬೇಡ, ತಣ್ಣಗಾದ್ರೆ ಆ ಒಗರು ಇನ್ನೂ ಎದ್ದು ಕಾಣುತ್ತೆ. ರೋಜೆ, ಶೆನಿನ್ ಬ್ಲಾಂಕ್ ಥರದ ಹಗುರ ವೈನ್ ಸಾಕು. ನಂದಿ ಬೆಟ್ಟದ ತಪ್ಪಲಿನ ವೈನರಿಗಳಿಂದ ಇಂಥವು ಬರುತ್ತವೆ. ಸಿಹಿ ಪೋರ್ಟ್ ವೈನ್ ಹಾಕೋದಾದ್ರೆ ಮಿಕ್ಸ್‌ಗೆ ಹಾಕೋ ಸಕ್ಕರೆ ಅರ್ಧ ಮಾಡಿ, ಬಾಟಲಿ ಮೇಲೆ ಆಲ್ಕೋಹಾಲ್ ಎಷ್ಟು ಪರ್ಸೆಂಟ್ ಅಂತಲೂ ನೋಡಿ.

ಒಂದು ಮಿಕ್ಸ್‌ಗೆ ಒಂದು 750 ಮಿ.ಲೀ. ಬಾಟಲಿ. ಎರಡನ್ನೂ ಬೆರೆಸಿ ಅಗಲವಾದ ಸ್ಟೀಲ್ ಅಥವಾ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಇಲ್ಲಾ ಜಿಪ್ ಕವರ್‌ಗೆ ಹಾಕಿ ಮಲಗಿಸಿ ಇಡಿ. ತೆಳ್ಳಗಿದ್ದಷ್ಟೂ ಬೇಗ ಆಗುತ್ತೆ. ಗಾಜಿನ ಬಾಟಲಿಯನ್ನೇ ಫ್ರೀಜರ್‌ಗೆ ತುರುಕಬೇಡಿ. ನೀರು ಐಸ್ ಆಗುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತೆ, ಬಾಟಲಿ ಒಡೆಯುತ್ತೆ. ಗ್ಯಾಸ್ ಇರೋ ಸ್ಪಾರ್ಕ್ಲಿಂಗ್ ವೈನ್ ಬಾಟಲಿ ಆದ್ರಂತೂ ಇನ್ನೂ ಅಪಾಯ.

ಡಬಲ್ ಡೋರ್ ಫ್ರಿಡ್ಜ್‌ನ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಹತ್ತಿರ ಇರುತ್ತೆ. ಒಂದು ರಾತ್ರಿ ಇಟ್ರೆ ಸಾಕು. ಮಧ್ಯೆ ಎರಡು ಮೂರು ಸಲ ಫೋರ್ಕ್‌ನಲ್ಲಿ ಕೆದಕಿದ್ರೆ ಹರಳು ಸಣ್ಣದಾಗಿ ಬರುತ್ತೆ. ಪಿಜಿಯಲ್ಲಿ, ರೂಮಲ್ಲಿ ಸಿಂಗಲ್ ಡೋರ್ ಫ್ರಿಡ್ಜ್ ಇರೋರು ಕೇಳಿ: ನಿಮ್ಮ ಐಸ್ ಬಾಕ್ಸ್ ಅಷ್ಟು ತಣ್ಣಗಿರಲ್ಲ. ಅಲ್ಲಿ ಐಸ್‌ಕ್ರೀಮ್ ಗಟ್ಟಿ ನಿಲ್ಲಲ್ಲ ಅಂದ್ರೆ ಇದೂ ನಿಲ್ಲಲ್ಲ. ನೀವು ವೈನ್ ಅರ್ಧ ಬಾಟಲಿಗೆ ಇಳಿಸಿ, ಉಳಿದ ಜಾಗಕ್ಕೆ ನೀರು ಹಾಕಿ.

ಕೊನೆಗೆ ಮಿಕ್ಸಿ ಜಾರ್‌ಗೆ ಅರ್ಧದಷ್ಟು ಮಾತ್ರ ತುಂಬಿ, ವಿಪ್ಪರ್‌ನಲ್ಲಿ ಎರಡೇ ಎರಡು ಸಲ ತಿರುಗಿಸಿ. ಜಾಸ್ತಿ ತಿರುಗಿಸಿದ್ರೆ ಬಿಸಿಗೆ ಕರಗಿ ಜ್ಯೂಸ್ ಆಗುತ್ತೆ.

ಖರ್ಚು ನೋಡೋಣ. ವೈನ್ ₹600 ಅಂತ ಇಟ್ಕೊಳ್ಳಿ. ದ್ರಾಕ್ಷಿ ₹60, ಸಕ್ಕರೆ ₹6, ನಿಂಬೆ ₹12. ಒಟ್ಟು ₹678. ಆರು ಗ್ಲಾಸ್ ಆಗುತ್ತೆ, ಗ್ಲಾಸಿಗೆ ₹113. ಅದರಲ್ಲಿ ಮಿಕ್ಸ್‌ನ ಪಾಲು ಬರೀ ₹13. ಪ್ಯಾಕೆಟ್ ತಗೋಬೇಕಾ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ತಲ್ಲ?

ಎರಡನೇ ಲೆಕ್ಕ

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಈ ಭಾಗ ರೀಲ್ಸ್‌ನಲ್ಲಿ ಯಾರೂ ಹೇಳಲ್ಲ.

750 ಮಿ.ಲೀ. ಬಾಟಲಿ, ಶೇ 12 ಆಲ್ಕೋಹಾಲ್. ಅಂದ್ರೆ 90 ಮಿ.ಲೀ. ಶುದ್ಧ ಆಲ್ಕೋಹಾಲ್. ತೂಕದಲ್ಲಿ ಸುಮಾರು 71 ಗ್ರಾಂ. ಸಕ್ಕರೆ ಹಾಕಿದ್ರೂ, ರಸ ಹಾಕಿದ್ರೂ, ಐಸ್ ಮಾಡಿದ್ರೂ ಈ 71 ಗ್ರಾಂ ಎಲ್ಲೂ ಹೋಗಲ್ಲ. ಆರು ಗ್ಲಾಸಿಗೆ ಹಂಚಿದ್ರೆ ಒಂದೊಂದರಲ್ಲಿ ಸುಮಾರು 12 ಗ್ರಾಂ. 10 ಗ್ರಾಂ ಅಂದ್ರೆ ಒಂದು ಸ್ಟ್ಯಾಂಡರ್ಡ್ ಡ್ರಿಂಕ್. ನಿಮ್ಮ ಕೈಯಲ್ಲಿರೋ ಆ ಚೆಂದದ ನೇರಳೆ ಬಣ್ಣದ ಗ್ಲಾಸಿನಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚೇ ಡ್ರಿಂಕ್ ಇದೆ.

ಆದ್ರೆ ನಾಲಿಗೆಗೆ ಅದು ಗೊತ್ತಾಗಲ್ಲ. ಚಳಿಗೆ ಆಲ್ಕೋಹಾಲ್‌ನ ಘಾಟು ಅಡಗಿರುತ್ತೆ, ಸಕ್ಕರೆಗೆ ಉಳಿದದ್ದು ಮುಚ್ಚಿಹೋಗಿರುತ್ತೆ. ವೈನ್ ಆದ್ರೆ ಗುಟುಕು ಗುಟುಕಾಗಿ ಕುಡೀತೀವಿ. ಇದನ್ನ ಬೇಸಿಗೆ ಮಧ್ಯಾಹ್ನ ಬಾಯಾರಿಕೆಗೆ ಕುಡಿದುಬಿಡ್ತೀವಿ.

ನನ್ನ ಫ್ರೆಂಡ್ ಒಬ್ಬಳ ಮನೆಯ ಟೆರೇಸ್‌ನಲ್ಲಿ ಏಪ್ರಿಲ್‌ನಲ್ಲಿ ಹತ್ತು ಹನ್ನೆರಡು ಜನ ಸೇರಿದ್ವಿ. ಸ್ಟೀಲ್ ಡಬ್ಬೀಲಿ ಸ್ಲಷ್ ಇತ್ತು. ತಡವಾಗಿ ಬಂದ ಒಬ್ಬ ಹುಡುಗ, ಅವಳ ಆಫೀಸಿನವನು, ಬಿಸಿಲಲ್ಲಿ ಸ್ಕೂಟರ್ ಓಡಿಸ್ಕೊಂಡು ಬಂದಿದ್ದ. ಸೀದಾ ಡಬ್ಬಿ ಹತ್ರ ಹೋಗಿ ಎರಡು ಗ್ಲಾಸ್ ಹಾಕ್ಕೊಂಡು ಕುಡಿದ. ಅರ್ಧ ಗಂಟೆ ಆದ್ಮೇಲೆ ಹೆಲ್ಮೆಟ್ ಕೈಗೆ ತಗೊಂಡು 'ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ಬರ್ತೀನಿ' ಅಂದ. ಫ್ರೆಂಡ್ ಕೇಳಿದಳು: 'ಏಯ್, ಕುಡಿದಿದ್ಯಲ್ಲೋ, ಗಾಡಿ ಹೆಂಗೆ ಓಡಿಸ್ತೀಯ?' ಅವನು ನಗ್ತಾ ಹೇಳಿದ: 'ನಾನೆಲ್ಲೇ ಕುಡಿದೆ? ದ್ರಾಕ್ಷಿ ಜ್ಯೂಸ್ ತಾನೇ ಅದು?'

ಅಲ್ಲಿದ್ದ ಎಲ್ಲರೂ ಒಂದು ಕ್ಷಣ ಸುಮ್ಮನಾದ್ರು. ಅವನು ಕುಡಿಯೋನೇ ಅಲ್ಲ, ಅದು ಆಮೇಲೆ ಗೊತ್ತಾಗಿದ್ದು. ಗಾಡಿ ಕೀ ಇಸ್ಕೊಂಡು ಕ್ಯಾಬ್ ಬುಕ್ ಮಾಡಿದ್ವಿ. ಅಮ್ಮನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದಕ್ಕೆ ಅವನ ತಂಗಿಗೆ ಫೋನ್ ಮಾಡಿದ್ದಾಯ್ತು. ಹೋಗುವಾಗ ಅವನು ಸಿಟ್ಟೇನೂ ಮಾಡ್ಕೊಳ್ಳಲಿಲ್ಲ. 'ಒಂದು ಚೀಟಿ ಅಂಟಿಸಬಹುದಿತ್ತಲ್ವಾ?' ಅಂದ, ಅಷ್ಟೇ.

ಅವನ ಲೆಕ್ಕ ಹಾಕಿ ನೋಡಿ. ಎರಡು ಗ್ಲಾಸ್, 24 ಗ್ರಾಂ ಆಲ್ಕೋಹಾಲ್. 70 ಕೆಜಿ ತೂಕದ ಗಂಡಸಿಗೆ ಅಂದಾಜು ರಕ್ತದ 100 ಮಿ.ಲೀ.ಗೆ 50 ಮಿ.ಗ್ರಾಂ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹೇಳೋ ಮಿತಿ 30 ಮಿ.ಗ್ರಾಂ. ಮೊದಲ ಸಲ ಸಿಕ್ಕಿಬಿದ್ರೆ ₹10,000 ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. 'ಸರ್, ಜ್ಯೂಸ್ ಅಂದ್ಕೊಂಡೆ' ಅಂದ್ರೆ ಮೀಟರ್ ಕೇಳಲ್ಲ. ತೂಕ ಕಡಿಮೆ ಇರೋರಿಗೆ, ಹೆಂಗಸರಿಗೆ ಇದೇ ಪ್ರಮಾಣಕ್ಕೆ ಇನ್ನೂ ಹೆಚ್ಚು ಏರುತ್ತೆ. ಒಂದು ಗ್ಲಾಸ್ ಆದ್ರೆ ಪಾಸ್ ಆಗ್ತೀನಾ ಅಂತ ಲೆಕ್ಕ ಹಾಕೋಕೆ ಹೋಗ್ಬೇಡಿ. ಗಾಡಿ ಓಡಿಸೋದಿದ್ರೆ ಒಂದು ಚಮಚವೂ ಬೇಡ.

ಗಾಡಿ ಒಂದೇ ಅಲ್ಲ. ಕೆಲವು ಆಂಟಿಬಯೋಟಿಕ್ ತಗೊಳ್ಳುವಾಗ ಆಲ್ಕೋಹಾಲ್ ಮುಟ್ಟಬಾರದು, ಮೆಟ್ರೋನಿಡಜೋಲ್ ಅದರಲ್ಲೊಂದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಇರ್ತಾರೆ. ಗರ್ಭಿಣಿ ಆಗಿದ್ದು ಇನ್ನೂ ಯಾರಿಗೂ ಹೇಳದೇ ಇರೋರು ಇರ್ತಾರೆ. ವ್ರತ, ಧರ್ಮ, ಬಿಟ್ಟುಬಿಟ್ಟಿದೀನಿ ಅನ್ನೋ ಹಠ, ಏನೇ ಇರಲಿ, ಕುಡಿಯದೇ ಇರೋಕೆ ಒಬ್ಬರಿಗೆ ನೂರು ಕಾರಣ ಇರುತ್ತೆ, ಅದನ್ನ ನಮಗೆ ಹೇಳಬೇಕು ಅಂತೇನೂ ಇಲ್ಲ. ಗ್ಲಾಸಿನಲ್ಲಿ ಏನಿದೆ ಅಂತ ನಾವು ಅವರಿಗೆ ಹೇಳಲೇಬೇಕು.

ಮಕ್ಕಳ ವಿಷಯ ಇನ್ನೂ ಗಂಭೀರ. ಫ್ರೀಜರ್ ತೆಗೆದು ಐಸ್ ಕ್ಯಾಂಡಿ ಹುಡುಕೋ ವಯಸ್ಸಿನ ಮಗುವಿಗೆ ಇದು ಥೇಟ್ ಐಸ್ ಕ್ಯಾಂಡಿ. ಹತ್ತು ಹದಿನೈದು ಕೆಜಿ ತೂಕದ ಮಗುವಿಗೆ ಸ್ವಲ್ಪ ಆಲ್ಕೋಹಾಲ್ ಕೂಡ ರಕ್ತದ ಸಕ್ಕರೆ ಇಳಿಸಿ ಅಪಾಯ ತರಬಹುದು. ಅದಕ್ಕೇ ನನ್ನ ನಿಯಮ ಮೂರು. ಮನೇಲಿ ಮಕ್ಕಳಿದ್ರೆ ಮಿಕ್ಸ್ ಮಾತ್ರ ಸ್ಟಾಕ್ ಮಾಡಿ, ವೈನ್ ಬೆರೆಸಿದ್ದನ್ನ ಇಡಬೇಡಿ. ಬೇಕಾದ ದಿನಕ್ಕೆ ಬೆರೆಸಿ, ಉಳಿದದ್ದು ಸಿಂಕ್‌ಗೆ ಚೆಲ್ಲಿ. ಕ್ಯಾಂಡಿ ಅಚ್ಚಿನಲ್ಲಿ ಇದನ್ನ ಯಾವತ್ತೂ ಹಾಕಬೇಡಿ. ಡಬ್ಬಿ ಮೇಲೆ ಟೇಪ್ ಅಂಟಿಸಿ ದಪ್ಪ ಮಾರ್ಕರ್‌ನಲ್ಲಿ ಬರೀರಿ: 'ಇದರಲ್ಲಿ ವೈನ್ ಇದೆ'. ಕನ್ನಡದಲ್ಲೇ ಬರೀರಿ, ಮನೆಗೆಲಸಕ್ಕೆ ಬರೋ ಅಕ್ಕನಿಗೂ ಊರಿಂದ ಬಂದ ಅತ್ತೆಗೂ ಓದೋಕೆ ಬರಲಿ.

ಕೇಳುಗರ ಪ್ರಶ್ನೆ

ತುಮಕೂರಿನ ಒಬ್ಬರು ಕೇಳಿದ್ದಾರೆ: ನಮ್ಮನೇಲಿ ಅರ್ಧ ಜನ ಕುಡಿಯಲ್ಲ, ಅವರಿಗೆ ಬೇರೆಯೇ ಮಾಡಬೇಕಾ?

ಬೇಡ. ಮಿಕ್ಸ್ ಒಂದೇ, ಡಬ್ಬಿ ಎರಡು. ಅರ್ಧ ಮಿಕ್ಸ್‌ಗೆ ಅರ್ಧ ಬಾಟಲಿ ವೈನ್. ಉಳಿದರ್ಧಕ್ಕೆ 300 ಮಿ.ಲೀ. ನೀರು. ಆಲ್ಕೋಹಾಲ್ ಇಲ್ಲದ ಡಬ್ಬಿ ಬೇಗ ಕಲ್ಲಾಗುತ್ತೆ, ಅದನ್ನ ಮುಕ್ಕಾಲು ಗಂಟೆಗೊಂದು ಸಲ ಕೆದಕ್ತಾ ಇರಿ. ಮೇಲೆ ಚೂರು ಜೀರಿಗೆ ಪುಡಿ, ಕಪ್ಪುಪ್ಪು ಹಾಕಿದ್ರೆ ನಿಜ ಹೇಳ್ತೀನಿ, ವೈನ್ ಡಬ್ಬಿಗಿಂತ ಇದೇ ಮೊದಲು ಖಾಲಿಯಾಗುತ್ತೆ. ಎರಡೂ ನೋಡೋಕೆ ಒಂದೇ ಥರ ಇರೋದರಿಂದ ಗ್ಲಾಸ್ ಬೇರೆ ಬೇರೆ ಇಡಿ. ಸ್ಟೀಲ್ ಲೋಟ ಒಂದಕ್ಕೆ, ಗಾಜಿನದು ಇನ್ನೊಂದಕ್ಕೆ.

ಇನ್ನೊಬ್ಬರು: ಇದನ್ನ ಮಾಡಿ ಇನ್‌ಸ್ಟಾದಲ್ಲಿ ಮಾರಬಹುದಾ? ವೈನ್ ಬೆರೆಸಿ ಮಾರೋ ಹಾಗೇ ಇಲ್ಲ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು, ಮಾರೋದು ಎರಡೂ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಮನೇಲಿ ದ್ರಾಕ್ಷಿ ಹುಳಿಬರಿಸಿ ವೈನ್ ಮಾಡೋದೂ ಇದರೊಳಗೇ ಬರುತ್ತೆ. ಅಂಗಡಿಯಿಂದ ಕೊಂಡ ವೈನನ್ನ ಮನೇಲಿ ಬೆರೆಸಿ ನಾವೇ ಕುಡಿಯೋದು ಬೇರೆ ಮಾತು. ಬರೀ ದ್ರಾಕ್ಷಿ ಮಿಕ್ಸ್ ಮಾರೋದಾದ್ರೆ ಅದು ಆಹಾರ ಪದಾರ್ಥ. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಲೇಬಲ್ ಸರಿಯಾಗಿ ಹಾಕಿ, ಧೈರ್ಯವಾಗಿ ಮಾರಿ. ₹13ರ ಲೆಕ್ಕ ಆಗಲೇ ಕೊಟ್ಟಿದೀನಿ, ಲಾಭ ನೀವೇ ಕೂಡ್ಕೊಳ್ಳಿ.

ಇವತ್ತಿಗೆ ಇಷ್ಟು. ಮಾಡಿ ನೋಡಿದವರು ಫೋಟೋ ಕಳಿಸಿ, ಡಬ್ಬಿ ಮೇಲಿನ ಚೀಟಿ ಕಾಣೋ ಹಾಗೆ ತೆಗೀರಿ. ಮುಂದಿನ ವಾರ ಹಾಸ್ಟೆಲ್ ರೂಮಿನಲ್ಲಿ ಒಂದೇ ಕೆಟಲ್‌ನಲ್ಲಿ ಏನೇನು ಅಡುಗೆ ಮಾಡಬಹುದು, ಏನು ಮಾಡಬಾರದು ಅಂತ ಮಾತಾಡೋಣ. ಅಲ್ಲೀವರೆಗೂ ಗಾಡಿ ನಿಧಾನ ಓಡಿಸಿ, ನೀರು ಜಾಸ್ತಿ ಕುಡೀರಿ. ನಮಸ್ಕಾರ.